ಕೈಗೊಂದು ರಬ್ಬರ್ ಬಳೆ, ಜೊತೆಗೆ ಒಂದು ಒತ್ತಕ್ಷರದ ರಗಳೆ

ಮೊದಲೇ ಹೇಳಿಬಿಡ್ತೇನೆ, ಇದು ಫೋನಿನ ರಿವ್ಯೂ ಅಲ್ಲ, ಬಿರಿಯಾನಿಯದ್ದೂ ಅಲ್ಲ. ಕೈಗೆ ಹಾಕ್ತಾರಲ್ಲ ರಬ್ಬರಿನ ಬ್ಯಾಂಡ್, ಯಾವುದಾದ್ರೂ ರೋಗದ ಹೆಸರೋ ಒಂದು ಒಳ್ಳೆ ಮಾತೋ ಬರೆದಿರುವಂಥದ್ದು, ಅದರ ರಿವ್ಯೂ. ನಗಾಡ್ಬೇಡಿ ಮಾರಾಯ್ರೆ. ಡಿಸೆಂಬರಿನಿಂದ ಈಚೆಗೆ ಇದರ ಹಿಂದೆ ನಾನು ತಿರುಗಿದಷ್ಟು ನನ್ನ ಮದುವೆಯ ಉಂಗುರಕ್ಕೂ ತಿರುಗಿರ್ಲಿಲ್ಲ. ಗೊತ್ತಾದದ್ದನ್ನು ಬರೆದಿಟ್ರೆ ಮುಂದೆ ಮಾಡಿಸುವವರಿಗೆ ನಾಲ್ಕು ಪೈಸೆ ಉಳಿದೀತು ಅಂತ ಬರಿತಾ ಇದ್ದೇನೆ ಅಷ್ಟೆ.

ಶುರುವಾದದ್ದು ಅಕ್ಕನ ಮಗಳಿಂದ. ಅವಳು ಕಾಸರಗೋಡಲ್ಲಿ ಡಿಗ್ರಿ ಸೆಕೆಂಡ್ ಇಯರ್, ಎನ್‌ಎಸ್‌ಎಸ್ಸಲ್ಲಿ ಇದ್ದಾಳೆ. ಕೇರಳದಲ್ಲಿ ಜನವರಿ 15 ಪಾಲಿಯೇಟಿವ್ ಕೇರ್ ದಿನ ಅಂತ ಆಚರಿಸ್ತಾರೆ, ಗಡಿಯಿಂದ ಆಚೆ ಇರುವವರಿಗೆ ಇದು ಅಷ್ಟಾಗಿ ಗೊತ್ತಿರ್ಲಿಕ್ಕಿಲ್ಲ. ಹಾಸಿಗೆ ಹಿಡಿದವರ ಮನೆಗೇ ನರ್ಸ್ ಹೋಗಿ ಗಾಯ ತೊಳೆದು, ಕ್ಯಾತಿಟರ್ ಬದಲಿಸಿ, ನೋವಿನ ಮಾತ್ರೆ ಮುಗಿದಿದೆಯಾ ಅಂತ ನೋಡಿ ಬರುವ ವ್ಯವಸ್ಥೆ ನಮ್ಮಲ್ಲಿ ಪಂಚಾಯತ್ ಪಂಚಾಯತಿನಲ್ಲೂ ಉಂಟು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ಡಾಕ್ಟರುಗಳು ಸಣ್ಣದಾಗಿ ಶುರು ಮಾಡಿದ್ದು ಊರೂರಿಗೆ ಹಬ್ಬಿ, 2008ರಲ್ಲಿ ಸರಕಾರವೇ ಇದಕ್ಕೊಂದು ಪಾಲಿಸಿ ಮಾಡಿತು. ಆ ದಿನ ಕಾಲೇಜು ಮಕ್ಕಳು ಬಸ್ ಸ್ಟಾಂಡಲ್ಲಿ ಬಕೆಟ್ ಹಿಡಿದು ಪಿರಿವು ಮಾಡ್ತಾರೆ, ಪಿರಿವು ಅಂದ್ರೆ ಮಲಯಾಳದಲ್ಲಿ ಚಂದಾ ಎತ್ತುವುದು. ಈ ಸಲ ಇವರಿಗೆ ಬಕೆಟ್ ಸಾಕಾಗ್ಲಿಲ್ಲ. "ಮಾವ, ಬ್ಯಾಂಡ್ ಮಾಡಿಸುವ ಅಂತ ಉಂಟು, ನಿಮಗೆ ಗೊತ್ತುಂಟಲ್ಲ, ಕಾಲೇಜಲ್ಲಿರುವಾಗ ಹಳದಿದು ಹಾಕ್ತಿದ್ರಂತೆ, ಅಮ್ಮ ಹೇಳಿದ್ರು" ಅಂತ ಫೋನು.

ಹಾಕ್ತಿದ್ದೆ, ಹೌದು. ಅದರ ಕತೆಯನ್ನೇ ಮೊದಲು ಮುಗಿಸ್ತೇನೆ, ಯಾಕಂದ್ರೆ ರಿವ್ಯೂ ಮಾಡ್ಲಿಕ್ಕೆ ನನ್ನ ಹತ್ರ ಇರುವ ಅತಿ ಹಳೆ ಪೀಸು ಅದೇ.

2005ನೇ ಇಸವಿ, ನಾನು ಮಂಗಳೂರಲ್ಲಿ ಓದ್ತಾ ಇದ್ದೆ, ದಿನಾ ಕುಂಬಳೆಯಿಂದ ರೈಲು. ಹಂಪನಕಟ್ಟೆಯಲ್ಲಿ ಬೆಲ್ಟು, ಕನ್ನಡಕ, ಕೀ ಬಂಚು ಮಾರುವವನ ಹತ್ರ 30 ರೂಪಾಯಿ ಕೊಟ್ಟು ಹಳದಿ ಬ್ಯಾಂಡ್ ತಗೊಂಡೆ, ಅದರಲ್ಲಿ ಲಿವ್‌ಸ್ಟ್ರಾಂಗ್ ಅಂತ ಕೊರೆದಿತ್ತು. ಕ್ಲಾಸಲ್ಲಿ ಏಳೆಂಟು ಜನರ ಕೈಯಲ್ಲಿತ್ತು, ಟಿವಿಯಲ್ಲಿ ಆಟಗಾರರ ಕೈಯಲ್ಲಿತ್ತು, ಅಷ್ಟೇ ಕಾರಣ. ನೈಕಿ ಕಂಪನಿದು ಎಂತದೋ ಸ್ಪೋರ್ಟ್ಸ್ ಐಟಂ ಅಂತ ನಾನು ತಿಳ್ಕೊಂಡದ್ದು. ಆ ವರ್ಷವೇ ದೊಡ್ಡಪ್ಪನಿಗೆ ಗಂಟಲಿನ ಕ್ಯಾನ್ಸರ್ ಅಂತ ಗೊತ್ತಾಗಿ ಮಂಗಳೂರಲ್ಲೇ ಎಡ್ಮಿಟ್ ಮಾಡಿದ್ರು, ಕ್ಲಾಸು ಮುಗಿಸಿ ನಾನು ಬುತ್ತಿ ತಗೊಂಡು ಹೋಗುವುದು. ಒಂದು ದಿನ ಪಕ್ಕದ ಬೆಡ್ಡಿನವರ ಮಗ, ಬಹ್ರೈನಿಂದ ಬಂದವ, ನನ್ನ ಕೈ ನೋಡಿ ತನ್ನ ಕೈಯನ್ನೂ ಎತ್ತಿ ತೋರಿಸಿದ, ಅವನದ್ದೂ ಹಳದಿ. "ಅಪ್ಪನಿಗೆ ಅಂತ ಹಾಕಿದ್ದು. ನಿಮ್ಮದು ಯಾರಿಗೆ, ದೊಡ್ಡಪ್ಪನಿಗಾ?" ಅಂತ ಕೇಳಿದ. ನಾನು ಪೆದ್ದನ ಹಾಗೆ "ಎಂತದು ಯಾರಿಗೆ?" ಅಂದೆ. ಅವ ಒಂದು ಸಲ ನನ್ನನ್ನು, ಒಂದು ಸಲ ಬ್ಯಾಂಡನ್ನು ನೋಡಿದ, ಮತ್ತೆ ಮಾತಾಡ್ಲಿಲ್ಲ. ಈಗ ನೆನೆಸಿದ್ರೂ ಕಿವಿ ಬಿಸಿಯಾಗ್ತದೆ.

ವಿಷಯ ಎಂತ ಅಂದ್ರೆ, ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅಂತ ಅಮೆರಿಕದ ಸೈಕಲ್ ರೇಸಿನವ, 1996ರಲ್ಲಿ ಅವನಿಗೆ ವೃಷಣದ ಕ್ಯಾನ್ಸರ್ ಆಗಿ ಶ್ವಾಸಕೋಶಕ್ಕೂ ಮಿದುಳಿಗೂ ಹಬ್ಬಿತ್ತು. ಗುಣವಾಗಿ ಬಂದು ಫೌಂಡೇಷನ್ ಮಾಡಿದ, ಟೂರ್ ಡಿ ಫ್ರಾನ್ಸ್ ಸಾಲಾಗಿ ಗೆದ್ದ. ಆ ರೇಸಲ್ಲಿ ಮುಂದಿರುವವನಿಗೆ ಹಳದಿ ಜೆರ್ಸಿ ಹಾಕಿಸುವುದು, ಹಾಗಾಗಿ 2004ರ ಮೇ ತಿಂಗಳಲ್ಲಿ ನೈಕಿ ಜೊತೆ ಸೇರಿ ಬ್ಯಾಂಡ್ ತಂದಾಗ ಬಣ್ಣ ಹಳದಿ. ಬೆಲೆ ಒಂದು ಡಾಲರ್, ಅಂದಾಜು ಹಾಕಿದ್ದು 50 ಲಕ್ಷ ಪೀಸು ಹೋದೀತು ಅಂತ, ಹೋದದ್ದು 8 ಕೋಟಿಗೂ ಮೇಲೆ. ಅದೇ ಬೇಸಗೆ ಅಥೆನ್ಸ್ ಒಲಿಂಪಿಕ್ಸಲ್ಲಿ ಆಟಗಾರರ ಕೈಯಲ್ಲಿ, ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಕೆರಿಯ ಕೈಯಲ್ಲಿ, ಎಲ್ಲ ಕಡೆ. ಮತ್ತೆ ಕೇಳ್ಬೇಕಾ, ಒಂದೊಂದು ಸಂಕಟಕ್ಕೆ ಒಂದೊಂದು ಬಣ್ಣ ಹುಟ್ಟಿತು. ಬಡತನ ಹೋಗ್ಲಿ ಅಂತ 2005ರಲ್ಲಿ ಇಂಗ್ಲೆಂಡಲ್ಲಿ ಬಿಳಿ ಬ್ಯಾಂಡ್, ಮೈದಾನದಲ್ಲಿ ಜನಾಂಗ ನಿಂದನೆ ವಿರುದ್ಧ ಥಿಯೆರಿ ಆನ್ರಿ ಮುಂದೆ ನಿಂತು ಮಾಡಿಸಿದ ಕಪ್ಪು ಬಿಳಿ ಜೋಡಿ ಬ್ಯಾಂಡ್, ಶಾಲೆಯಲ್ಲಿ ಕಿರುಕುಳ ಕೊಡುವುದರ ವಿರುದ್ಧ ನೀಲಿ. ಬಿಳಿಯದ್ದರಲ್ಲಿ ಒಂದು ತಮಾಷೆಯೂ ಆಯ್ತು, ತಮಾಷೆ ಅಲ್ಲ ಅದು ನಾಚಿಕೆ. ಅದರಲ್ಲಿ ಕೆಲವು ಬ್ಯಾಂಡ್ ತಯಾರಾದ ಚೀನಾದ ಕಾರ್ಖಾನೆಯ ಕಾರ್ಮಿಕರನ್ನೇ ಸರಿಯಾದ ಸಂಬಳ ಕೊಡದೆ ದುಡಿಸ್ತಾ ಇದ್ರು ಅಂತ ಹೊರಗೆ ಬಂತು. ಬಡತನ ಹೋಗ್ಲಿ ಅಂತ ಬಡವನ ಕೈಯಿಂದಲೇ ಅರೆ ಕೂಲಿಗೆ.

ಹಳದಿಯ ಹಿಂದಿದ್ದವನ ಗತಿ ನಿಮಗೆ ಗೊತ್ತೇ ಉಂಟು. 2012ರಲ್ಲಿ ಮದ್ದು ತಗೊಂಡು ಓಡಿಸಿದ್ದು ಅಂತ ಏಳೂ ಟೈಟಲ್ ಕಿತ್ತುಕೊಂಡ್ರು, ನೈಕಿ ಕೈ ಬಿಟ್ಟಿತು, 2013ರ ಜನವರಿಯಲ್ಲಿ ಟಿವಿ ಮುಂದೆ ಕೂತು ಒಪ್ಪಿಕೊಂಡ. ಫೌಂಡೇಷನ್ ಅವನ ಹೆಸರು ತೆಗೆದು ಬ್ಯಾಂಡಿನ ಹೆಸರನ್ನೇ ಇಟ್ಟುಕೊಂಡು ಈಗಲೂ ಕೆಲಸ ಮಾಡ್ತಾ ಉಂಟು. ಮನುಷ್ಯನಿಗಿಂತ ರಬ್ಬರ್ ಗಟ್ಟಿ ಬಂತು ಅಂತ ಆಯ್ತಲ್ಲ.

ನನ್ನ 30 ರೂಪಾಯಿಯ ಪೀಸ್ ಮಾತ್ರ ಗಟ್ಟಿ ಬರ್ಲಿಲ್ಲ. ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಕ್ಕಿತು, ಎಳೆದು ನೋಡಿದೆ, ಕೂಡಲೇ ತುಂಡಾಯ್ತು. ಡುಪ್ಲಿಕೇಟ್ ಅಲ್ವಾ. ಅದರಿಂದ ಫೌಂಡೇಷನ್ನಿಗೆ ಒಂದು ಪೈಸೆ ಹೋಗಿಲ್ಲ ಅಂತ ಈಗ ಗೊತ್ತುಂಟು. ಎರಡು ಸ್ಟಾರ್ ಕೊಡ್ತೇನೆ, ಅದೂ ಬಹ್ರೈನಿನವನಿಂದಾಗಿ.

ಇನ್ನು ಈಗಿನದ್ದು. ಸ್ಯಾಂಪಲ್ ನೋಡುವ ಅಂತ ನಾನೂ ಸೊಸೆಯೂ (ಅದೇ ಅಕ್ಕನ ಮಗಳು) ಒಂದು ಶನಿವಾರ ಹೊಸ ಬಸ್ ಸ್ಟಾಂಡಿನ ಹತ್ರದ ಒಂದು ಫ್ಯಾನ್ಸಿ ಅಂಗಡಿಗೆ ಹೋದೆವು. ಹೈವೇ ಕೆಲಸ ಶುರುವಾದಮೇಲೆ ಅಲ್ಲಿ ರಸ್ತೆ ದಾಟುವುದೇ ಒಂದು ಸಾಧನೆ, ಅದಕ್ಕೆ ಅಂಗಡಿಯವನಿಗೆ ಮಾರ್ಕ್ಸ್ ಕಡಿಮೆ ಮಾಡುವುದಿಲ್ಲ. ಅಂಗಡಿ ಸಣ್ಣದು, ಆದ್ರೆ ಕೈಗೆ ಹಾಕುವ ಐಟಮ್ಮಿಗೇ ಒಂದು ಇಡೀ ಗೋಡೆ ಬಿಟ್ಟಿದ್ದಾನೆ. ಕಪ್ಪು ನೂಲು, ಕೆಂಪು ನೂಲು, ಮಣಿ, ತಾಮ್ರದ ಕಡಗ, ಲೆದರ್ ಅಂತ ಹೇಳುವ ರೆಕ್ಸಿನ್, ಹಾಕಿದ್ರೆ ಮೈಗೆ ಶಕ್ತಿ ಬರ್ತದೆ ಅಂತ ಹೇಳಿ ಮಾರುವ, ಹೋಲೋಗ್ರಾಂ ಇಟ್ಟ 'ಪವರ್' ಬ್ಯಾಂಡ್ ಕೂಡ ಇನ್ನೂ ಉಂಟು ಮಾರಾಯ್ರೆ, ಆ ಪವರ್ ಬ್ಯಾಲೆನ್ಸಿನವರು ನಮ್ಮದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಆಸ್ಟ್ರೇಲಿಯಾದಲ್ಲಿ 2010ರಲ್ಲೇ ಒಪ್ಪಿಕೊಂಡಾಯ್ತು, ಸುದ್ದಿ ಇಲ್ಲಿಗೆ ಬರ್ಲಿಕ್ಕೆ ಹೈವೇ ಬ್ಲಾಕ್ ಇರ್ಬೇಕು. ಸಿಲಿಕಾನ್ ಬ್ಯಾಂಡಿನ ಕೊಕ್ಕೆಯಲ್ಲಿ ಮುಕ್ಕಾಲು ಪಾಲು ಫುಟ್‌ಬಾಲಿನ ಆರ್ಜೆಂಟಿನಾ, ಕಾಲು ಪಾಲು ಬ್ರೆಜಿಲ್, ಕೆಳಗೆ ಧೂಳು ತಿನ್ನುತ್ತಾ ನಾಲ್ಕು ಗುಲಾಬಿ, ಎರಡು ಕೆಂಪು.

ಗುಲಾಬಿಯದ್ದು ಸೊಸೆ ತೆಗೆದಳು. ಇಂಗ್ಲಿಷಲ್ಲಿ ಹೋಪ್ ಅಂತ ಉಂಟು, ಒಂದು ರಿಬ್ಬನಿನ ಚಿತ್ರ (ಗುಲಾಬಿ ರಿಬ್ಬನ್ ಅಂದ್ರೆ ಸ್ತನ ಕ್ಯಾನ್ಸರಿನ ಗುರುತು), ಯಾವ ಸಂಸ್ಥೆಯ ಹೆಸರೂ ಇಲ್ಲ. ಬೆಲೆ 15 ರೂಪಾಯಿ. ಅಂಗಡಿಯ ಇಚ್ಚನ ಹತ್ರ (ನಮ್ಮಲ್ಲಿ ಬ್ಯಾರಿ, ಮಾಪಿಳ್ಳೆ ಅಣ್ಣಂದಿರಿಗೆ ಇಚ್ಚ ಅಂತಲೇ ಹೇಳುವುದು) ನಾನು ಕೇಳಿದೆ, "ಇಚ್ಚ, ಈ ಕ್ಯಾನ್ಸರಿನ ಬ್ಯಾಂಡಿನ ದುಡ್ಡು ಯಾರಿಗೆ ಹೋಗ್ತದೆ?" ಅವ ಕ್ಯಾಲ್ಕುಲೇಟರಿಂದ ತಲೆ ಎತ್ತದೆ "ನನಗೆ" ಅಂದ. ಒಂದು ಸೆಕೆಂಡ್ ಬಿಟ್ಟು, "ಮತ್ತೆ ಯಾರಿಗೆ ಹೋಗ್ಬೇಕು, 15 ರೂಪಾಯಿಯಲ್ಲಿ?"

ಈ ಉತ್ತರಕ್ಕೇ ಅಂಗಡಿಗೆ ಐದಕ್ಕೆ ನಾಲ್ಕು. ಆನ್‌ಲೈನಲ್ಲಿ 'ಸಪೋರ್ಟ್ ದ ಕಾಸ್' ಅಂತ ದೊಡ್ಡದಾಗಿ ಬರೆದು 149 ರೂಪಾಯಿಗೆ ಮಾರುವವರಲ್ಲಿ ಎಷ್ಟೋ ಜನ ಇಷ್ಟು ನೇರ ಹೇಳುವುದಿಲ್ಲ. ಯಾವ ಸಂಸ್ಥೆಗೆ, ಒಂದು ಪೀಸಿಗೆ ಎಷ್ಟು ಅಂತ ಪೇಜಿನ ಬುಡದ ತನಕ ಹುಡುಕಿದ್ರೂ ಇರುವುದಿಲ್ಲ, ಇಲ್ಲದಿದ್ರೆ ಹೋಗುವುದು ಇಚ್ಚನಂಥವನಿಗೇ, ಆದ್ರೆ ಇಚ್ಚನಷ್ಟು ಒಳ್ಳೆಯವನಿಗೆ ಅಲ್ಲ.

ಗುಲಾಬಿ ರಿಬ್ಬನಿನ ಹಿಂದೆಯೂ ಇಂಥದ್ದೇ ಒಂದು ಎಳೆದಾಟ ಉಂಟು. ಅಮೆರಿಕದಲ್ಲಿ ಷಾರ್ಲಟ್ ಹೇಲಿ ಅಂತ ಒಬ್ಬ ಅಜ್ಜಿ, 68 ವರ್ಷ, ಮನೆಯಲ್ಲೇ ಕೂತು ಪೀಚ್ ಬಣ್ಣದ ರಿಬ್ಬನ್ ಕತ್ತರಿಸಿ ಒಂದೊಂದು ಕಾರ್ಡಿಗೆ ಸಿಕ್ಕಿಸಿ ಹಂಚ್ತಿದ್ರು, ಕ್ಯಾನ್ಸರ್ ಬಾರದ ಹಾಗೆ ತಡೆಯುವ ಕೆಲಸಕ್ಕೆ ಸರಕಾರ ಹೆಚ್ಚು ದುಡ್ಡು ಇಡ್ಬೇಕು ಅಂತ ಆ ಕಾರ್ಡಲ್ಲಿ. 1992ರಲ್ಲಿ ಒಂದು ಮ್ಯಾಗಜಿನಿನವರು, ಎಸ್ಟೀ ಲಾಡರ್ ಕಾಸ್ಮೆಟಿಕ್ ಕಂಪನಿ ಜೊತೆ, ನಾವೂ ಸೇರ್ತೇವೆ ಅಂತ ಬಂದಾಗ ಆ ಅಜ್ಜಿ ಬೇಡ ಅಂದ್ರು, ಇದು ವ್ಯಾಪಾರ ಆಗ್ತದೆ ಅಂತ. ಇವರು ಎಂತ ಮಾಡಿದ್ರು ಗೊತ್ತುಂಟಾ, ವಕೀಲರನ್ನು ಕೇಳಿ ಬಣ್ಣ ಬದಲಿಸಿದ್ರು. ಪೀಚ್ ಹೋಗಿ ಪಿಂಕ್. ಇವತ್ತು ಕಾಸರಗೋಡಿನ ಕೊಕ್ಕೆಯಲ್ಲಿ ನೇತಾಡುವುದು ಆ ಪಿಂಕ್.

ಇನ್ನು ಕ್ವಾಲಿಟಿ. 15 ರೂಪಾಯಿಯದ್ದು ನಿಜ ಸಿಲಿಕಾನ್ ಅಲ್ಲ ಅಂತ ಪ್ಯಾಕೆಟ್ ಬಿಡಿಸುವಾಗಲೇ ಗೊತ್ತಾಗ್ತದೆ, ಹೊಸ ಹವಾಯಿ ಚಪ್ಪಲಿಯ ವಾಸನೆ. ಒಳ್ಳೆ ಸಿಲಿಕಾನಿಗೆ ವಾಸನೆ ಇಲ್ಲ ಅಂತಲೇ ಹೇಳ್ಬಹುದು. ಇನ್ನೊಂದು ಪರೀಕ್ಷೆ, ಬ್ಯಾಂಡನ್ನು ಚೆನ್ನಾಗಿ ತಿರುಚಿ ಮಡಚಿ ನೋಡಿ, ಮಡಚಿದಲ್ಲಿ ಬಿಳಿ ಗೆರೆ ಬಂದ್ರೆ ಒಳಗೆ ಬೇರೆ ಪೌಡರ್ ಬೆರೆಸಿದ್ದಾರೆ ಅಂತ ಲೆಕ್ಕ. ನಮ್ಮ ಗುಲಾಬಿ ಬಿಳಿ ಆಯ್ತು. ಹೋಪ್ ಅಂತ ಬರೆದದ್ದು ಮೇಲಿಂದ ಬರೇ ಪ್ರಿಂಟ್, ನಾಲ್ಕು ದಿನದಲ್ಲಿ ಮೊದಲು ಹೋದದ್ದೇ ಹೋಪ್, ರಿಬ್ಬನ್ ಉಳಿಯಿತು. ಎರಡು ಸ್ಟಾರ್. ಬರವಣಿಗೆ ಕೊರೆದದ್ದಾದ್ರೆ (ಡಿಬಾಸ್ ಅಂತಾರೆ) ಬ್ಯಾಂಡ್ ಇರುವಷ್ಟು ದಿನ ಇರ್ತದೆ, ಪ್ರಿಂಟಿನದ್ದು ತಗೊಳ್ಬೇಡಿ.

ಸರಿ, ಮಾಡಿಸುವುದೇ ಅಂತ ಆಯ್ತು. ಆದ್ರೆ ಯಾವುದಕ್ಕೆ? ಸೊಸೆಯ ಗುಂಪಿನಲ್ಲಿ ಒಬ್ಬ ಮೊದಲು ಹೇಳಿದ್ದು ಎಂಡೋಸಲ್ಫಾನ್, ಆ ಕೀಟನಾಶಕ. ಕಾಸರಗೋಡು ಅಂದ ಕೂಡಲೇ ಹೊರಗಿನವರಿಗೆ ಬೇರೆಂತದೂ ನೆನಪಾಗುವುದಿಲ್ಲವಲ್ಲ. 70ರ ದಶಕದ ಕೊನೆಯಿಂದ 2000ದ ತನಕ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳಿಗೆ ಹೆಲಿಕಾಪ್ಟರಿಂದ ಹೊಡೆದದ್ದು ಕೆಳಗಿನ ತೋಡು, ಬಾವಿ, ನೀರಿನ ಸುರಂಗ ಎಲ್ಲದಕ್ಕೂ ಬಿತ್ತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಕಡೆ ಮಕ್ಕಳು ಹುಟ್ಟಿದ ರೀತಿ ಬರಿಲಿಕ್ಕೆ ಇದು ಜಾಗ ಅಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಮಾಡಿತು, 2017ರಲ್ಲಿ ಬಾಧಿತರಿಗೆ 5 ಲಕ್ಷ ಕೊಡಿ ಅಂತ ಹೇಳಿತು, ಅದು ಕೈಗೆ ಬರ್ಲಿಕ್ಕೆ ಅಮ್ಮಂದಿರು ಮತ್ತೆ ಮತ್ತೆ ಸತ್ಯಾಗ್ರಹ ಕೂರ್ಬೇಕಾಯ್ತು. ಬ್ಯಾಂಡಿಗೆ ಯಾವ ಬಣ್ಣ ಅಂತ ಇವರು ಚರ್ಚೆ ಮಾಡ್ತಾ ಇರುವಾಗ ಸ್ವರ್ಗದ ಹುಡುಗಿಯೊಬ್ಬಳು (ಊರಿನ ಹೆಸರೇ ಸ್ವರ್ಗ, ಎಣ್ಮಕಜೆ ಪಂಚಾಯತಲ್ಲಿ) ಇಷ್ಟೇ ಹೇಳಿದಳಂತೆ, "ನಮ್ಮಲ್ಲಿಗೆ ಫೋಟೋ ತೆಗಿಲಿಕ್ಕೆ ಬಂದವರು ಸಾಕಷ್ಟಾಯ್ತು, ಇನ್ನು ನಮ್ಮ ಹೆಸರಿನ ಬಳೆ ಬೇರೆ ಬೇಡ." ಚರ್ಚೆ ಅಲ್ಲಿಗೆ ಮುಗಿಯಿತು. ಪಾಲಿಯೇಟಿವಿಗೇ ಇರ್ಲಿ, ಅದರಲ್ಲಿ ಆ ಊರಿನವರೂ ಬರ್ತಾರೆ ಅಂತ ಆಯ್ತು.

ಈಗ ಬಂತು ನಿಜವಾದ ರಗಳೆ, ಈ ರಿವ್ಯೂ ಬರಿಲಿಕ್ಕೆ ಕಾರಣವೇ ಇದು. ಆನ್‌ಲೈನಲ್ಲಿ ಕಸ್ಟಮ್ ಬ್ಯಾಂಡ್ ಮಾಡಿಕೊಡುವ ಒಂದು ಸರ್ವಿಸ್, ಹೆಸರು ಹೇಳುವುದಿಲ್ಲ, ಉತ್ತರದ ಕಡೆಯದ್ದು. ದೊಡ್ಡವರ ಸೈಜು ಸುತ್ತಳತೆ 202 ಮಿ.ಮೀ., ಅಗಲ 12 ಮಿ.ಮೀ., ಇದು ಎಲ್ಲ ಕಡೆ ನಡೆಯುವ ಅಳತೆ. 200 ಪೀಸಿಗೆ ಒಂದಕ್ಕೆ 17 ರೂಪಾಯಿ, ಕೊರೆದದ್ದರಲ್ಲಿ ಬಣ್ಣ ತುಂಬಿಸ್ಲಿಕ್ಕೆ 3 ರೂಪಾಯಿ ಜಾಸ್ತಿ, ಅಚ್ಚಿಗೆ 500, ಕೊರಿಯರ್ 220. ವೆಬ್‌ಸೈಟ್ ಚಂದ ಉಂಟು, ಬಣ್ಣ ಒತ್ತಿದ್ರೆ ಬ್ಯಾಂಡ್ ತಿರುಗಿ ತಿರುಗಿ ತೋರಿಸ್ತದೆ. ಮಕ್ಕಳು ಆರಿಸಿದ್ದು ಕಡು ಹಸುರು, ಒಂದು ಬದಿ ಮಲಯಾಳದಲ್ಲಿ, ಒಂದು ಬದಿ ಕನ್ನಡದಲ್ಲಿ 'ಸಾಂತ್ವನ' ಅಂತ ಬರ್ಬೇಕು. ಎರಡೂ ಭಾಷೆ ಇಲ್ಲದಿದ್ರೆ ನಮ್ಮ ಊರಲ್ಲಿ ಬೇರೆಯೇ ಬ್ಯಾಂಡ್ ಬೇಕಾಗ್ತದೆ, ತಲೆಗೆ.

ಡಿಸೈನ್ ಅಪ್ರೂವಲ್ಲಿಗೆ ಕಳಿಸಿದ ಚಿತ್ರ ನೋಡಿದ್ರೆ, ಮಲಯಾಳ ಸರಿ ಉಂಟು, ಕನ್ನಡದಲ್ಲಿ 'ಸಾಂತ್' ಅಂತ ಒಂದು ಕಡೆ, 'ವನ' ಅಂತ ಇನ್ನೊಂದು ಕಡೆ. ವತ್ತು ಕೆಳಗೆ ಹೋಗದೆ ಪಕ್ಕದಲ್ಲಿ ಬಂದು ನಿಂತಿದೆ, ಜಗಳ ಮಾಡಿಕೊಂಡ ಅಣ್ಣತಮ್ಮನ ಹಾಗೆ. ನಾನು ಫೋನ್ ಮಾಡಿ ಹೇಳಿದೆ, ಅವ "ಸರ್, ಯಹೀ ತೋ ಲಿಖಾ ಹೈ" ಅಂತ. ಬರೆದದ್ದು ಹೌದು ಮಾರಾಯ, ಕೂಡಿಸ್ಲಿಲ್ಲ ನೀನು. ಎಷ್ಟೋ ಡಿಸೈನ್ ಸಾಫ್ಟ್‌ವೇರಿನಲ್ಲಿ ನಮ್ಮ ಲಿಪಿಯ ಸೆಟ್ಟಿಂಗ್ ಆನ್ ಮಾಡದಿದ್ರೆ ಒತ್ತಕ್ಷರ ಹೀಗೆ ಒಡೆದು ಬಿದ್ದಿರ್ತದೆ, ಅವನಿಗೆ ಓದ್ಲಿಕ್ಕೆ ಬರುವುದಿಲ್ಲ, ಗೊತ್ತಾಗುವುದೂ ಇಲ್ಲ. ಮದುವೆ ಕಾಗದದಲ್ಲಿ, ಫ್ಲೆಕ್ಸಲ್ಲಿ, ಬಸ್ಸಿನ ಬೋರ್ಡಲ್ಲಿ ಎಲ್ಲ ನಾವು ದಿನಾ ನೋಡುವ ರೋಗವೇ. ಪರಿಹಾರ ಎಂತ ಅಂದ್ರೆ, ಅಕ್ಷರವನ್ನು ಟೈಪ್ ಮಾಡಿ ಕಳಿಸ್ಬಾರದು, ನಮ್ಮಲ್ಲೇ ಸರಿಯಾಗಿ ಕೂರಿಸಿ ಚಿತ್ರದ ಹಾಗೆ, ಅಂದ್ರೆ ಔಟ್‌ಲೈನ್ ಮಾಡಿ ಪಿಡಿಎಫ್ ಕಳಿಸ್ಬೇಕು. ಬದಿಯಡ್ಕದ ನಮ್ಮ ಡಿಟಿಪಿ ಹುಡುಗ ಎರಡು ನಿಮಿಷದಲ್ಲಿ ಮಾಡಿಕೊಟ್ಟ, ಚಾ ಕುಡಿಸಿದ್ದೇ ಖರ್ಚು.

ಆದ್ರೂ ಮುಗೀಲಿಲ್ಲ. 12 ಮಿ.ಮೀ. ಅಗಲದಲ್ಲಿ ಮೇಲೆ ಕೆಳಗೆ ಅಂಚು ಬಿಟ್ರೆ ಅಕ್ಷರಕ್ಕೆ ಸಿಗುವುದು 7 ಅಥವಾ 8 ಮಿ.ಮೀ. ಇಂಗ್ಲಿಷಿನ ಕ್ಯಾಪಿಟಲ್ಲಿಗೆ ಅದು ಬಂಗಲೆ. ಮಲಯಾಳವೂ ಹೆಚ್ಚಾಗಿ ಅಡ್ಡಕ್ಕೇ ಹೋಗ್ತದೆ, ಸುಧಾರಿಸ್ತದೆ. ನಮ್ಮದು ಮೂರು ಮಾಳಿಗೆಯ ಮನೆ ಅಲ್ವಾ, ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ಮೂರೂ ಹಿಡಿಸ್ಲಿಕ್ಕೆ ಹೋಗಿ ಅಕ್ಷರ ಇಷ್ಟೇ ಇಷ್ಟಾಗಿ, ಸ್ಯಾಂಪಲ್ ಫೋಟೋದಲ್ಲಿ 'ತ್ವ'ದ ಒತ್ತು ಒಂದು ನೊಣ ಕೂತ ಹಾಗೆ ಕಾಣ್ತಿತ್ತು. ಅಗಲ ಜಾಸ್ತಿ ಮಾಡುವ, 24 ಮಿ.ಮೀ.ದು ಉಂಟು ಅಂದ್ರು, ರೇಟು ಹೆಚ್ಚು, ಕೈಗೆ ಹಾಕಿದ್ರೆ ಪೊಲೀಸರು ಹಾಕಿದ ಹಾಗೆ.

ಆಗ ಸೊಸೆಯೇ ಹೇಳಿದ್ದು, ಒತ್ತು ಇಲ್ಲದ ಶಬ್ದ ಹುಡುಕುವ ಅಂತ. ಒಂದು ಸಂಜೆ ಇಡೀ ಅಮ್ಮ, ನಾನು, ಅಕ್ಕ, ಇವಳು ಎಲ್ಲ ಕೂತು ಗೋಳಿಬಜೆ ತಿನ್ನುತ್ತಾ ಒತ್ತಿಲ್ಲದ ಕನ್ನಡ ಹುಡುಕಿದೆವು. ಪ್ರೀತಿ ಬೇಡ, ಸ್ನೇಹ ಬೇಡ, ಜೊತೆಗಿದ್ದೇವೆ ಬೇಡ, ಒಟ್ಟಿಗೆ ಬೇಡ, ಒಳ್ಳೆ ಮಾತಿಗೆಲ್ಲ ಕಾಲಿಗೊಂದು ಕಟ್ಟಿದ ಹಾಗೆ ಒತ್ತು ಉಂಟು, 'ಒಳ್ಳೆ' ಅನ್ನುವುದಕ್ಕೂ. ಕೊನೆಗೆ ಅಮ್ಮ ಹೇಳಿದ್ದು 'ಜೊತೆಗಿರುವ'. ನಮ್ಮಲ್ಲಿ ಹೋಗುವ, ತಿನ್ನುವ, ಕೂರುವ ಅಂತ ಹೇಳುವ ಹಾಗೆ, ಜೊತೆಗೆ ಇರೋಣ ಅಂತ ಅರ್ಥ. ಎಲ್ಲರಿಗೂ ಲಾಯ್ಕಾಯ್ತು. ಮಲಯಾಳಕ್ಕೆ 'ಕೂಡೆಯುಂಡ್'. ಬ್ಯಾಂಡ್ ಬಂದಮೇಲೆ ಬೆಂಗಳೂರಲ್ಲಿರುವ ಭಾವನಿಗೆ ಫೋಟೋ ಕಳಿಸಿದೆ, ಅವನ ಉತ್ತರ: "ಜೊತೆಗಿರುವ... ಯಾರು? ವಾಕ್ಯ ಮುಗಿಸಿಲ್ವಲ್ಲ." ಘಟ್ಟದ ಮೇಲಿನವರಿಗೆ ಅರ್ಥ ಮಾಡಿಸ್ಲಿಕ್ಕೆ ಬ್ಯಾಂಡ್ ಒಂದರಲ್ಲಿ ಆಗುವುದಿಲ್ಲ, ಬಿಡಿ.

ಡೆಲಿವರಿ ಜನವರಿ 11ಕ್ಕೆ ಬಂತು, ಹೇಳಿದ್ದಕ್ಕಿಂತ ಮೂರು ದಿನ ತಡ, ದಿನಾಚರಣೆಗೆ ನಾಲ್ಕು ದಿನ ಮೊದಲು, ಎದೆ ಹೊಡ್ಕೊಂಡದ್ದು ನನಗೆ ಗೊತ್ತು. ಸಿಲಿಕಾನ್ ಮಾತ್ರ ಒಳ್ಳೆದುಂಟು, ತಿರುಚಿದ್ರೆ ಬಿಳಿ ಬರುವುದಿಲ್ಲ, ವಾಸನೆ ಇಲ್ಲ. 200ರಲ್ಲಿ 14 ಹಾಳು, ಕೆಲವು ಅಂಚು ಸರಿಯಾಗಿ ಕೂಡದ್ದು, ಕೆಲವಕ್ಕೆ ಬಣ್ಣ ಉಕ್ಕಿ ಹೊರಗೆ. ಕಂಪ್ಲೇಂಟ್ ಹಾಕಿದ್ರೆ ಹಾಳಾದ್ದನ್ನು ನಿಮ್ಮ ಖರ್ಚಲ್ಲಿ ವಾಪಸ್ ಕಳಿಸಿ, ನೋಡಿ ಹೇಳ್ತೇವೆ ಅಂತ ಉತ್ತರ. 14 ಬ್ಯಾಂಡಿನ ಬೆಲೆ 280, ಇಲ್ಲಿಂದ ಕೊರಿಯರ್ ಅದಕ್ಕಿಂತ ಕಡಿಮೆ ಆಗುವುದಿಲ್ಲ. ಸುಮ್ಮನೆ ಕೂತೆವು. ಈ ಸರ್ವಿಸಿಗೆ ಮಾಲಿಗಾಗಿ ಮೂರೂವರೆ, ನಡತೆಗೆ ಒಂದೂವರೆ.

ಇನ್ನು ಲೆಕ್ಕ, ಎಲ್ಲರೂ ಮುಚ್ಚಿಡುವ ಭಾಗ. ಒಟ್ಟು ಖರ್ಚು 4720. ಒಂದು ಬ್ಯಾಂಡಿಗೆ 50 ರೂಪಾಯಿ ಇಟ್ಟು ಮಾರಿದ್ದು, ಹೋದದ್ದು 163, ಬಂದದ್ದು 8150. ಉಳಿದದ್ದು 3430. ಅಂದ್ರೆ ನೀವು ಕೊಟ್ಟ 50ರಲ್ಲಿ ರೋಗಿಯ ಮನೆಗೆ ಮುಟ್ಟಿದ್ದು 21 ರೂಪಾಯಿ, ಮಿಕ್ಕದ್ದು ರಬ್ಬರಿಗೆ. ಅದೇ ದಿನ ಅದೇ ಬಸ್ ಸ್ಟಾಂಡಲ್ಲಿ ಎರಡು ಹಳೆ ಪೇಂಟ್ ಬಕೆಟ್ ಹಿಡಿದು ನಿಂತ ನಾಲ್ಕು ಹುಡುಗರಿಗೆ ಬಂದದ್ದು 7290, ಖರ್ಚು ಸೊನ್ನೆ. ಸೊಸೆಯ ಮುಖ ಸಪ್ಪೆ ಆಯ್ತು. ಎರಡೂ ಸೇರಿಸಿ ಒಂದು ಏರ್ ಬೆಡ್, ಉಳಿದದ್ದಕ್ಕೆ ದೊಡ್ಡವರ ಡಯಪರ್ ಮತ್ತೆ ಡ್ರೆಸ್ಸಿಂಗ್ ಸಾಮಾನು ಅಂತ ಪಾಲಿಯೇಟಿವಿನವರ ಕೈಗೆ ಕೊಟ್ರು.

ಹಾಗಾದ್ರೆ ಬ್ಯಾಂಡ್ ವೇಸ್ಟಾ? ನಾನೂ ಹಾಗೇ ಅಂದುಕೊಂಡಿದ್ದೆ. ಮೊನ್ನೆ ಬಂಗುಡೆ ತಗೊಳ್ಳುವಾಗ ಮೀನಿನವ ಕೈ ನೋಡಿ ಇದೆಂತ ಬರೆದದ್ದು ಅಂತ ಕೇಳಿದ. ಹೇಳಿದೆ. ಅವನ ಅಮ್ಮ ಬಿದ್ದು ಸೊಂಟ ಮುರಿದು ಮೂರು ತಿಂಗಳಿಂದ ಮಲಗಿದ್ದಾರೆ, ಬೆನ್ನಲ್ಲಿ ಹುಣ್ಣು, ಪಂಚಾಯತಿನಿಂದ ನರ್ಸ್ ಮನೆಗೆ ಬರ್ತಾರೆ ಅಂತ ಅವನಿಗೆ ಗೊತ್ತೇ ಇರ್ಲಿಲ್ಲ, ಪಂಚಾಯತ್ ಆಫೀಸಿನ ಎದುರೇ ಮೀನು ಮಾರುವವನಿಗೆ. ಬಕೆಟ್ ಹಿಡಿದು ನಿಂತವರಿಗೆ ಅವನೂ ಆ ದಿನ 20 ರೂಪಾಯಿ ಹಾಕಿದ್ದನಂತೆ, ಎಂತಕ್ಕೆ ಅಂತ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಬಂಗುಡೆಯಲ್ಲಿ ಒಂದು ಜಾಸ್ತಿ ಹಾಕಿದ, ಬೇಡ ಅಂದ್ರೂ. ಈಗ ಆ ಅಮ್ಮನಲ್ಲಿಗೆ ನರ್ಸ್ ಹೋಗ್ತಾ ಇದ್ದಾರೆ.

ಐದು ವಾರ ಹಾಕಿ ನೋಡಿದ ಅನುಭವ ಬರೆದು ನಿಲ್ಲಿಸ್ತೇನೆ. ನಮ್ಮ ಕರಾವಳಿಯ ಸೆಕೆಗೆ ಇದು ಹೇಳಿ ಮಾಡಿಸಿದ್ದಲ್ಲ. ಗಾಳಿ ಆಡುವುದಿಲ್ಲ, ಒಳಗೆ ಬೆವರು, ಎರಡನೇ ವಾರಕ್ಕೆ ಕೆಂಪು ಗುಳ್ಳೆ. ರಾತ್ರಿ ತೆಗೆದಿಟ್ಟು, ದಿನಾ ಸೋಪು ಹಾಕಿ ತೊಳೆದು, ಒರೆಸಿ ಹಾಕಿದ್ರೆ ಕಿರಿಕಿರಿ ಇಲ್ಲ. ಕೈಯಲ್ಲಿ ರೋಮ ಇದ್ದವರಿಗೆ ತೆಗೆಯುವಾಗ ದೇವರು ಕಾಣ್ತಾರೆ. ಬಣ್ಣ ತುಂಬಿಸಿದ್ದು ಮೂರನೇ ವಾರದಲ್ಲಿ ಟೇಬಲ್ಲಿಗೆ ಉಜ್ಜುವ ಬದಿಯಲ್ಲಿ ಎದ್ದು ಹೋಯ್ತು, ಆ 3 ರೂಪಾಯಿ ದಂಡ, ಬರೇ ಕೊರೆದದ್ದೇ ಸಾಕಿತ್ತು, ಹೇಗೂ ಓದ್ಲಿಕ್ಕಾಗ್ತದೆ. ಹೆಂಡತಿಯದ್ದು ಬೇರೆ ತಕರಾರು, ನನ್ನ ಕೈಯಲ್ಲಿ ಮೊದಲೇ ಎರಡು ನೂಲು ಉಂಟು, ಇದೂ ಸೇರಿ ಕೈಯೋ ಕರೆಂಟ್ ಕಂಬವೋ ಅಂತ.

ಆಸ್ಪತ್ರೆಯಲ್ಲಿ ಎಡ್ಮಿಟ್ ಆಗುವಾಗ ಮಾತ್ರ ಯಾವ ಬಣ್ಣದ್ದೇ ಇರ್ಲಿ ತೆಗೆದಿಡಿ. ಅಲ್ಲಿ ಬಣ್ಣಕ್ಕೆ ಬೇರೆಯೇ ಭಾಷೆ ಉಂಟು. ಹಳದಿ ಬ್ಯಾಂಡಿನ ಭರಾಟೆ ಇದ್ದಾಗ ಅಮೆರಿಕದ ಫ್ಲೋರಿಡಾದಲ್ಲಿ ಕೆಲವು ಆಸ್ಪತ್ರೆಯವರು ರೋಗಿಗಳ ಬ್ಯಾಂಡ್ ತೆಗೆಸ್ತಿದ್ರು, ಇಲ್ಲ ಟೇಪ್ ಸುತ್ತುತ್ತಿದ್ರು, ಯಾಕಂದ್ರೆ ಅಲ್ಲಿ ಹಳದಿ ಪಟ್ಟಿ ಅಂದ್ರೆ ಉಸಿರು ನಿಂತ್ರೆ ಮತ್ತೆ ಎಬ್ಬಿಸ್ಲಿಕ್ಕೆ ನೋಡ್ಬೇಡಿ ಅಂತ ಗುರುತು. ಬದುಕು ಗಟ್ಟಿಯಾಗಿ ಅಂತ ಬರೆದ ಬಳೆ, ನೋಡಿ.

ಉಳಿದ 23 ಬ್ಯಾಂಡ್ ತಗೊಂಡು ಮೊನ್ನೆ ಇಚ್ಚನ ಅಂಗಡಿಗೆ ಹೋಗಿದ್ದೆವು, ಕೊಕ್ಕೆಯಲ್ಲಿ ಹಾಕ್ತೀರಾ ಅಂತ ಕೇಳ್ಲಿಕ್ಕೆ. ಹಾಕಿದ, ಕಮಿಷನ್ ಬೇಡ ಅಂದ, ಮುಂದಿನ ಸಾಲಿನಲ್ಲೇ ಹಾಕಿದ. ಹಸುರು ಹೋಗುವುದಿಲ್ಲ ಮೋಳೇ (ಮಗಳೇ) ಅಂತ ಸೊಸೆಗೆ ಬುದ್ಧಿಯೂ ಹೇಳಿದ. "ಇದನ್ನೇ ಆಕಾಶನೀಲಿ ಬಿಳಿ ಪಟ್ಟೆಯಲ್ಲಿ ಮಾಡಿಸು, ಆರ್ಜೆಂಟಿನಾ ಅಂತ ಬರೆಯುವುದು ಬೇಡ, ನಿಮ್ಮ ಜೊತೆಗಿರುವ ಅಂತಲೇ ಇರ್ಲಿ, 500 ನಾನೇ ಎತ್ತುತ್ತೇನೆ." ನಾನು ಹುಟ್ಟಾ ಬ್ರೆಜಿಲ್. ಆಗುವುದೇ ಇಲ್ಲ ಅಂತ ಹೇಳಿ ಬಂದೆ. ರಾತ್ರಿ ನೋಡಿದ್ರೆ ಡಿಟಿಪಿ ಹುಡುಗನಿಂದ ಮೆಸೇಜು, ನೀಲಿ ಬಿಳಿ ಡಿಸೈನ್ ರೆಡಿ ಉಂಟು, ಸೊಸೆ ಹೇಳಿದ್ದು, ಬಿಲ್ ಮಾವನಿಗೆ ಅಂತೆ.